ಜಾಲಪುಟ ವಿನ್ಯಾಸದ ಆನ್‌ಲೈನ್ ಪಠ್ಯಕ್ರಮ: ಒಂದು ವಿಮರ್ಶೆ

ಜಾಲಪುಟಗಳ ವಿನ್ಯಾಸವನ್ನು ಕಾಲೇಜು ವಿದ್ಯಾರ್ಥಿಗಳಿಗೆ ಆನ್‌ಲೈನ್ ಮೂಲಕವೇ ಕಲಿಸುವ ಉದ್ದೇಶದಿಂದ ಸಿದ್ಧಪಡಿಸಿದ ಹನ್ನೆರಡು ವಾರಗಳ ಕರಡು ಪಠ್ಯಕ್ರಮವೊಂದು ಅಭಿಪ್ರಾಯಕ್ಕಾಗಿ ಈಚೆಗೆ ನಮ್ಮ ಕೈಸೇರಿತು. ಅದನ್ನು ರಚಿಸಿದವರ ಶ್ರದ್ಧೆಯ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಗಣಕಯಂತ್ರದ ಪ್ರಯೋಗಶಾಲೆಯಿಲ್ಲದ ಕಾಲೇಜುಗಳಲ್ಲಿ ಓದುವವರಿಗೂ ಈ ವಿದ್ಯೆ ದೊರೆಯಬೇಕೆಂಬ ಅವರ ಆಶಯವು ಸ್ತುತ್ಯರ್ಹವಾದುದೇ. ಆದರೂ ಆಮೂಲಾಗ್ರವಾಗಿ ಓದಿ ನೋಡಿದಾಗ ಒಂದು ವಿಸಂಗತಿ ಎದ್ದು ಕಾಣುತ್ತದೆ. ಜಾಲಪುಟವನ್ನು ರಚಿಸುವ ಬಗೆಯನ್ನು ಕಲಿಸಹೊರಟ ಈ ಪಠ್ಯಕ್ರಮದಲ್ಲಿ ವಿದ್ಯಾರ್ಥಿಯು ಓದತಕ್ಕ ಜಾಲಪುಟ ಒಂದಾದರೂ ಇಲ್ಲ. ಪಾಠಗಳೆಲ್ಲ ವಿಡಿಯೊಗಳು, ಟಿಪ್ಪಣಿಗಳೆಲ್ಲ ಪಿ.ಡಿ.ಎಫ್. ಕಡತಗಳು.

ಈ ದೋಷಕ್ಕೆ ಕರಡಿನ ಕರ್ತೃಗಳನ್ನೇ ಹೊಣೆ ಮಾಡುವುದು ನ್ಯಾಯವಾಗದು. ‘ಸ್ವಯಂ’ ವೇದಿಕೆಯ ಪಾಠಗಳಿಗಾಗಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2016ರಲ್ಲಿ ಹೊರಡಿಸಿದ ನಿಯಮಾವಳಿಯು ಆನ್‌ಲೈನ್ ಪಾಠಕ್ಕೆ ನಾಲ್ಕು ಅಂಗಗಳನ್ನು ವಿಧಿಸಿತು: ದೃಶ್ಯ-ಶ್ರಾವ್ಯ ಬೋಧನೆ, ಓದುವ ಸಾಮಗ್ರಿ, ಚರ್ಚೆ ಮತ್ತು ಮೌಲ್ಯಮಾಪನ. ಅರ್ಥಶಾಸ್ತ್ರಕ್ಕೋ ಇತಿಹಾಸಕ್ಕೋ ಈ ಚೌಕಟ್ಟು ಒಪ್ಪಬಹುದು. ಆದರೆ ಕೈಯಿಂದ ಮಾಡಿ ಕಲಿಯಬೇಕಾದ ವಿದ್ಯೆಗೆ ಅದನ್ನು ಯಥಾವತ್ತಾಗಿ ತೊಡಿಸಿದರೆ ಮಾಡುವ ಭಾಗವು ಹೊರಗೇ ಉಳಿಯುತ್ತದೆ. ವಿಡಿಯೊದಲ್ಲಿ ತೋರಿದ ಎಚ್.ಟಿ.ಎಂ.ಎಲ್. ಸಾಲನ್ನು ವಿದ್ಯಾರ್ಥಿಯು ಆಯ್ದು ನಕಲು ಮಾಡಿಕೊಳ್ಳಲಾರನು. ಫೋನಿನ ಪುಟ್ಟ ಪರದೆಯಲ್ಲಿ ಅದರ ಅಕ್ಷರಗಳನ್ನು ಸರಿಯಾಗಿ ಕಾಣಲೂ ಆರನು. ಒಂದು ಆವರಣ ಚಿಹ್ನೆ ತಪ್ಪಿದಾಗ ಎಲ್ಲಿ ತಪ್ಪಿತೆಂದು ಹೋಲಿಸಿ ನೋಡುವ ಉಪಾಯವೂ ಅವನಿಗಿಲ್ಲ.

ಟಿಮ್ ಬರ್ನರ್ಸ್-ಲೀ ಅವರು ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದು 1989ರಲ್ಲಿ ಮುಂದಿಟ್ಟ ಯೋಜನೆಯಿಂದ ಈ ಜಾಲವು ಹುಟ್ಟಿತು. ಇದರ ಪುಟಗಳಿಗೆ ಮುದ್ರಿತ ಪುಸ್ತಕಕ್ಕಿಲ್ಲದ ಗುಣವೊಂದುಂಟು: ಪುಟವನ್ನು ಕಟ್ಟಿದ ಬಗೆಯನ್ನು ಓದುಗನು ಬೇಕೆಂದಾಗ ತೆರೆದು ನೋಡಬಹುದು. ಮೊದಮೊದಲಿನ ಪುಟಕಾರರಲ್ಲಿ ಅನೇಕರು ಕಲಿತದ್ದು ಹೀಗೆ, ಪರರ ಪುಟಗಳ ಮೂಲವನ್ನು ಬಿಚ್ಚಿ ನೋಡಿ. ಬೋಧಿಸುವ ಮಾಧ್ಯಮವೂ ಬೋಧ್ಯವಸ್ತುವೂ ಒಂದೇ ಆಗಿರುವ ಇಂಥ ವಿಷಯಗಳು ವಿರಳ. ಪಾಠವೇ ಒಂದು ಸುಂದರವಾದ, ಸರಳವಾದ ಜಾಲಪುಟವಾಗಿ, ಅದರ ಮೂಲವು ಪಕ್ಕದಲ್ಲಿಯೇ ಮುದ್ರಿತವಾಗಿದ್ದರೆ, ಮೊದಲ ವಾರದ ಅರ್ಧ ಬೋಧನೆ ಅಲ್ಲಿಗೇ ಮುಗಿದಂತಾಗುತ್ತಿತ್ತು. ಸರ್ನ್ ಸಂಸ್ಥೆಯು 2013ರಲ್ಲಿ ಮರಳಿ ಸ್ಥಾಪಿಸಿದ ಮೊಟ್ಟಮೊದಲ ಜಾಲತಾಣವನ್ನು ತೋರಿಸಬಹುದಾಗಿತ್ತು. ಅದರಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ. ಆದರೂ ಕಿಟಕಿಯ ಅಗಲವು ಹಿಗ್ಗಿದರೂ ಕುಗ್ಗಿದರೂ ಸಾಲುಗಳು ತಾವಾಗಿ ಹೊಂದಿಕೊಳ್ಳುತ್ತವೆ.

ಕರಡಿನಲ್ಲಿ ಎರಡನೆಯ ವಾರದಿಂದಲೇ ಬಣ್ಣ, ನೆರಳು, ಚಲನೆಗಳ ಪಾಠ. ಅಲಂಕಾರಕ್ಕೆ ಮೊದಲು ಶರೀರವಿರಬೇಕೆಂಬುದನ್ನು ನಮ್ಮ ಆಲಂಕಾರಿಕರಿಂದ ಕಲಿಯಬೇಕಾಗಿಲ್ಲ. ಜಾಲದ ಇತಿಹಾಸವೇ ಅದನ್ನು ಹೇಳುತ್ತದೆ. ವಿನ್ಯಾಸಕ್ಕೆ ಮೀಸಲಾದ ಸಿ.ಎಸ್.ಎಸ್. ಭಾಷೆಯನ್ನು ಹೋಕನ್ ವಿಯುಮ್ ಲೀ ಸೂಚಿಸಿದ್ದು 1994ರಲ್ಲಿ. ಅದಕ್ಕೆ ಅಧಿಕೃತ ಮನ್ನಣೆ ಬಂದದ್ದು 1996ರಲ್ಲಿ. ಅಷ್ಟರಲ್ಲಿ ಶೀರ್ಷಿಕೆ, ಪರಿಚ್ಛೇದ, ಪಟ್ಟಿ ಎಂಬ ಅಂಗಗಳು ನೆಲೆಗೊಂಡಿದ್ದವು.

ನಮಗೆ ಹೆಚ್ಚು ಆತಂಕವನ್ನುಂಟುಮಾಡಿದ ಸಂಗತಿ ಬೇರೊಂದಿದೆ. ಕನ್ನಡ ನಾಡಿನ ಕಾಲೇಜುಗಳಿಗೆಂದೇ ರಚಿತವಾದ ಈ ಪಠ್ಯಕ್ರಮದ ಅಭ್ಯಾಸಗಳಲ್ಲಿ ಕನ್ನಡದ ಒಂದು ಸಾಲೂ ಇಲ್ಲ. ಪುಟವನ್ನು ತುಂಬಿಸಲು ‘ಲೋರೆಮ್ ಇಪ್ಸಮ್’ ಎಂಬ, ಸಿಸೆರೋನ ಗದ್ಯವನ್ನು ಕೆಡಿಸಿ ಮಾಡಿದ ಅರ್ಥಹೀನ ಲ್ಯಾಟಿನ್ ಪಾಠವನ್ನೇ ಕೊಟ್ಟಿದೆ. ಲ್ಯಾಟಿನ್ ಲಿಪಿಗೆ ಒತ್ತಕ್ಷರಗಳ ತೊಡಕಿಲ್ಲ. ಅದನ್ನು ಅಳತೆಯಾಗಿಟ್ಟುಕೊಂಡು ಸಾಲುಗಳ ಅಂತರವನ್ನು ಗೊತ್ತುಮಾಡಿದ ಪುಟಕ್ಕೆ ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಶಬ್ದಗಳನ್ನು ಸುರಿದರೆ, ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ಶೀರ್ಷಿಕೆಯನ್ನು ದೊಡ್ಡಕ್ಷರಗಳಿಂದ ಎತ್ತಿ ತೋರಿಸುವ ಪಾಠವು ಆ ಭೇದವೇ ಇಲ್ಲದ ನಮ್ಮ ಲಿಪಿಗೆ ನಿರರ್ಥಕ. ಸಮಾಸಗಳಿಂದಲೂ ಪ್ರತ್ಯಯಗಳಿಂದಲೂ ಉದ್ದವಾಗುವ ನಮ್ಮ ಪದಗಳು ಫೋನಿನ ಇಕ್ಕಟ್ಟಾದ ಪರದೆಯಲ್ಲಿ ಎಲ್ಲಿ ಮುರಿಯಬೇಕೆಂಬ ಪ್ರಶ್ನೆಯನ್ನು ಕರಡು ಎತ್ತುವುದೇ ಇಲ್ಲ. ಪುಟದ ಭಾಷೆ ಕನ್ನಡವೆಂದು ಸಾರುವ ‘ಲ್ಯಾಂಗ್’ ಎಂಬ ಪುಟ್ಟ ಸೂಚನೆಯೂ ಅದರಲ್ಲಿಲ್ಲ. ದೃಷ್ಟಿಹೀನರಿಗಾಗಿ ಪರದೆಯನ್ನು ಓದಿಹೇಳುವ ತಂತ್ರಾಂಶವು ಯಾವ ಭಾಷೆಯ ಧ್ವನಿಯಲ್ಲಿ ಓದಬೇಕೆಂಬುದನ್ನು ಆ ಸೂಚನೆಯಿಂದಲೇ ತಿಳಿಯುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದೆ. ಪಠ್ಯಕ್ರಮದಲ್ಲಿ ಇನ್ನೂ ದೊರೆತಿಲ್ಲವೆಂಬುದು ವಿಷಾದಕರ.

ಮೌಲ್ಯಮಾಪನವು ಬಹು ಆಯ್ಕೆಯ ಪ್ರಶ್ನೆಗಳಿಗೆ ಸೀಮಿತವಾಗಿದೆ. ಶೀರ್ಷಿಕೆಯ ಸಂಕೇತ ಯಾವುದೆಂದು ಗುರುತಿಸಬಲ್ಲವನು ತನ್ನ ಪುಟದಲ್ಲಿ ಯಾವ ಮಾತು ಶೀರ್ಷಿಕೆಯಾಗಲು ಯೋಗ್ಯವೆಂಬುದನ್ನು ಬಲ್ಲನೆಂದು ಹೇಳಲಾಗದು. ಇದರ ಬದಲು ಊರಿನ ಬಸ್ಸುಗಳ ವೇಳಾಪಟ್ಟಿಯಂಥ ಒಂದೇ ವಸ್ತುವನ್ನು ಕೊಟ್ಟು, ಹನ್ನೆರಡು ವಾರವೂ ಅದೇ ಪುಟವನ್ನು ತಿದ್ದಿಸಬಹುದು. ಮೊದಲು ಬರಿಯ ಪಾಠ, ಬಳಿಕ ಕೋಷ್ಟಕ, ಬಳಿಕ ಫೋನಿಗೆ ಹೊಂದಿಕೆ, ಕಡೆಯಲ್ಲಿ ಬಣ್ಣ. ಈ ವಸ್ತುವನ್ನು ಸುಮ್ಮನೆ ಆರಿಸಿದ್ದಲ್ಲ. ಗೋಡೆಯ ಮೇಲಿನ ಪಟ್ಟಿಯ ಫೋಟೊ ತೆಗೆದು ಅದನ್ನೇ ಪುಟಕ್ಕೆ ಅಂಟಿಸುವ ವಾಡಿಕೆ ನಮ್ಮಲ್ಲಿ ಬಲವಾಗಿದೆ; ಹಾಗೆ ಅಂಟಿಸಿದ ಪಟ್ಟಿಯಲ್ಲಿ ಊರಿನ ಹೆಸರನ್ನು ಹುಡುಕಲಾಗದು, ಕುರುಡನಿಗೆ ಅದು ಓದಿಸಿ ಕೇಳಲೂ ದಕ್ಕದು.

ಇಂಥ ಅಭ್ಯಾಸವನ್ನು ತಿದ್ದಲು ಯಂತ್ರವೊಂದೇ ಸಾಲದು. ಸಂಕೇತಗಳ ತಪ್ಪನ್ನು ಪರೀಕ್ಷಕ ತಂತ್ರಾಂಶವು ಹಿಡಿದೀತು. ಕ್ರಮದ ಅನೌಚಿತ್ಯವನ್ನು ಹಿಡಿಯಲಾರದು. ಪ್ರತಿಯೊಬ್ಬ ವಿದ್ಯಾರ್ಥಿಯ ಪುಟದ ಮೂಲವನ್ನು ಅಧ್ಯಾಪಕರು ತೆರೆದು ಓದಬೇಕಾಗುತ್ತದೆ. ವಾರಕ್ಕೆ ಮೂವತ್ತು ಪುಟಗಳನ್ನು ಓದಿ ಒಂದೊಂದಕ್ಕೂ ನಾಲ್ಕು ಸಾಲು ಬರೆಯುವುದು ಎಷ್ಟು ಹೊತ್ತಿನ ಕೆಲಸವೆಂಬುದನ್ನು ಪ್ರಬಂಧಗಳನ್ನು ತಿದ್ದಿದ ಯಾವ ಅಧ್ಯಾಪಕರಾದರೂ ಹೇಳಬಲ್ಲರು. ವಿಡಿಯೊಗಳ ಚಿತ್ರೀಕರಣಕ್ಕೆ ನಲವತ್ತು ಗಂಟೆಗಳನ್ನು ಗೊತ್ತುಮಾಡಿರುವ ಕರಡು ಈ ಕೆಲಸಕ್ಕೆ ಒಂದು ಗಂಟೆಯನ್ನೂ ತೆಗೆದಿರಿಸಿಲ್ಲ.