ಸೋತವನ ಭಕ್ತಿ: ಎಂಡೊನ ‘ಸೈಲೆನ್ಸ್’ ಕುರಿತು

ಭಕ್ತನೆಂದರೆ ಪರೀಕ್ಷೆಯಲ್ಲಿ ಗೆದ್ದವನು. ಹರಿಹರನ ರಗಳೆಗಳನ್ನು ಓದಿ ಬೆಳೆದ ನಮಗೆ ಈ ಮಾತು ಹೊಸದಲ್ಲ. ಕ್ರೈಸ್ತ ಸಂತರ ಕಥೆಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಹಾಗಾದರೆ ಸೋತವನ ಪಾಡೇನು? ಜಪಾನಿನ ಕ್ಯಾಥೊಲಿಕ್ ಲೇಖಕ ಶುಸಾಕು ಎಂಡೊ 1966ರಲ್ಲಿ ಪ್ರಕಟಿಸಿದ ‘ಚಿಮ್ಮೊಕು’ ಕಾದಂಬರಿಯನ್ನು, ವಿಲಿಯಂ ಜಾನ್‌ಸ್ಟನ್ ಮಾಡಿದ ‘ಸೈಲೆನ್ಸ್’ ಎಂಬ ಇಂಗ್ಲಿಷ್ ಅನುವಾದದಲ್ಲಿ ಓದುವಾಗ ನನ್ನನ್ನು ಕಾಡಿದ್ದು ಈ ಪ್ರಶ್ನೆ.

ಹದಿನೇಳನೆಯ ಶತಮಾನದ ಜಪಾನ್. ಕ್ರೈಸ್ತ ಧರ್ಮಕ್ಕೆ ನಿಷೇಧ. ಕ್ರಿಸ್ತನ ಅಥವಾ ಮರಿಯಳ ಬಿಂಬವಿರುವ ‘ಫುಮಿಯೆ’ ಎಂಬ ಫಲಕವನ್ನು ತುಳಿದು ತಾವು ಕ್ರೈಸ್ತರಲ್ಲವೆಂದು ಜನ ತೋರಿಸಬೇಕು. ಗುರು ಫೆರೇರಾ ಧರ್ಮ ತೊರೆದನೆಂಬ ಸುದ್ದಿ ನಂಬಲಾರದೆ ಪೋರ್ಚುಗೀಸ್ ಪಾದ್ರಿ ರೊಡ್ರಿಗಸ್ ಗುಟ್ಟಾಗಿ ಅಲ್ಲಿಗೆ ಬರುತ್ತಾನೆ. ಪ್ರಾಣ ಕೊಡಲು ಸಿದ್ಧನಾಗಿ ಬಂದವನಿಗೆ ಎದುರಾಗುವ ಪರೀಕ್ಷೆಯೇ ಬೇರೆ. ಅವನು ತುಳಿಯದಿದ್ದರೆ, ಹೊಂಡದಲ್ಲಿ ತಲೆಕೆಳಗಾಗಿ ತೂಗುಬಿಟ್ಟ ರೈತರು ಸಾಯುತ್ತಾರೆ. ಅವನು ತುಳಿಯುತ್ತಾನೆ.

ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ನನಗೆ ಮುಖ್ಯವೆನಿಸುವುದು ಕಾದಂಬರಿಯ ರಚನೆ. ಆರಂಭದ ಅಧ್ಯಾಯಗಳು ರೊಡ್ರಿಗಸ್‌ನ ಪತ್ರಗಳು. ಅಲ್ಲಿ ಎಲ್ಲವೂ ‘ನಾನು’. ಸೆರೆಯಾದ ಮೇಲೆ ‘ನಾನು’ ಹೋಗಿ ‘ಅವನು’ ಬರುತ್ತದೆ. ಕಟ್ಟಕಡೆಗೆ ಉಳಿಯುವುದು ಜಪಾನಿ ಅಧಿಕಾರಿಯೊಬ್ಬನ ಒಣ ದಿನಚರಿ. ಅಲ್ಲಿ ಅವನಿಗೆ ಜಪಾನಿ ಹೆಸರಿದೆ, ಹೆಂಡತಿಯಿದ್ದಾಳೆ, ಒಳಗೇನಿದೆಯೋ ಕಾಣದು. ಒಂದು ನಮೂದು ಮಾತ್ರ ಗಮನ ಸೆಳೆಯುತ್ತದೆ: ಧರ್ಮ ತೊರೆದವನಿಂದಲೇ ಧರ್ಮನಿರಾಕರಣೆಯ ಪತ್ರ ಬರೆಸಲಾಗುತ್ತಿದೆ. ಎಂದೋ ಬಿಟ್ಟದ್ದನ್ನು ಈಗ ಮತ್ತೇಕೆ ಬಿಡಬೇಕು? ಎಂಡೊ ವಿವರಿಸುವುದಿಲ್ಲ. ಮಾರ್ಟಿನ್ ಸ್ಕಾರ್ಸೆಸಿ 2016ರ ತನ್ನ ಸಿನಿಮಾದಲ್ಲಿ ಸತ್ತ ರೊಡ್ರಿಗಸ್‌ನ ಅಂಗೈಯಲ್ಲಿ ಪುಟ್ಟ ಶಿಲುಬೆ ತೋರಿಸಿದ. ಅದು ನೋಡುಗರಿಗೆ ಸಮಾಧಾನ. ಕಾದಂಬರಿಯ ನಿಷ್ಠುರತೆಯೇ ನನಗೆ ಹೆಚ್ಚು ನಿಜವೆನಿಸುತ್ತದೆ.

ಇನ್ನು ಕಿಚಿಜಿರೊ. ಮತ್ತೆ ಮತ್ತೆ ತುಳಿಯುವವನು, ಪಾದ್ರಿಯನ್ನು ಹಿಡಿದುಕೊಡುವವನು, ಮರಳಿ ಬಂದು ಪಾಪನಿವೇದನೆಗೆ ಅಂಗಲಾಚುವವನು. ರೊಡ್ರಿಗಸ್‌ಗೆ ಅವನೆಂದರೆ ಹೇಸಿಗೆ. ಆದರೆ ಅದೇ ದಿನಚರಿಯಲ್ಲಿ, ವರ್ಷಗಳ ನಂತರ, ಬಚ್ಚಿಟ್ಟ ಕ್ರೈಸ್ತ ತಾಯಿತದೊಂದಿಗೆ ಸಿಕ್ಕಿಬೀಳುವವನು ಈ ಹೇಡಿಯೇ.

ಇದು ಹುತಾತ್ಮರಿಗೆ ಅಪಚಾರವಲ್ಲವೆ? ಜಪಾನಿನ ಹಲವು ಕ್ಯಾಥೊಲಿಕರಿಗೆ ಹಾಗನ್ನಿಸಿತ್ತು, ಆಕ್ಷೇಪ ಹಗುರವಾದದ್ದಲ್ಲ. ಕಡಲಲ್ಲಿ ನೆಟ್ಟ ಕಂಬಗಳಿಗೆ ಕಟ್ಟಿಸಿಕೊಂಡು ಸತ್ತ ಮೊಕಿಚಿ, ಇಚಿಜೊ ಇದೇ ಕಾದಂಬರಿಯಲ್ಲಿದ್ದಾರೆ. ಎಂಡೊ ಅವರನ್ನು ಕಿರಿದುಗೊಳಿಸುವುದಿಲ್ಲ. ಅವರ ಸಾವನ್ನು ದುರ್ಬಲರ ಮೇಲೆ ಬೀಸುವ ಕೋಲಾಗಿಸುವುದಿಲ್ಲ, ಅಷ್ಟೆ.

ಚರಿತ್ರೆಯೂ ಎಂಡೊನ ಕಡೆಗಿದೆ. 1865ರಲ್ಲಿ ನಾಗಸಾಕಿಯ ಔರಾ ಚರ್ಚಿಗೆ ಹಳ್ಳಿಗರ ಗುಂಪೊಂದು ಬಂದು, ತಾವೂ ಕ್ರೈಸ್ತರೆಂದು ಫ್ರೆಂಚ್ ಪಾದ್ರಿಗೆ ಮೆಲ್ಲಗೆ ತಿಳಿಸಿತು. ಇನ್ನೂರಕ್ಕೂ ಹೆಚ್ಚು ವರ್ಷ ಪಾದ್ರಿಗಳಿಲ್ಲದೆ ಗುಟ್ಟಾಗಿ ನಂಬಿಕೆ ಕಾಪಾಡಿಕೊಂಡವರ ಸಂತತಿ ಅದು. ಹೊರಗೆ ಫಲಕ ತುಳಿದು, ಮನೆಗೆ ಮರಳಿ ಪ್ರಾರ್ಥಿಸಿದವರ ಮೊಮ್ಮಕ್ಕಳು. ಎಲ್ಲರೂ ಮೊಕಿಚಿಯಂತೆ ಸತ್ತಿದ್ದರೆ, ಆ ದಿನ ಚರ್ಚಿನ ಬಾಗಿಲಿಗೆ ಬರಲು ಯಾರೂ ಉಳಿದಿರುತ್ತಿರಲಿಲ್ಲ.