ಮ್ಯಾಕಬೆಥ ನಾಟಕದಲ್ಲಿಯ ಮಾಟಗಾತಿಯರು

ಮಾಡಿದವನೊಬ್ಬ, ಹೇಳಿದವನೊಬ್ಬ, ಪಾಪವು ಯಾರ ಪಾಲಿಗೆ ಹೋಗತಕ್ಕದ್ದು? ಈ ಪ್ರಶ್ನವು ಧರ್ಮಶಾಸ್ತ್ರಕ್ಕೆ ಎಷ್ಟು ಸಂಬಂಧಪಟ್ಟದ್ದೋ ಕಾವ್ಯಕ್ಕೂ ಅಷ್ಟೇ ಸಂಬಂಧಪಟ್ಟದ್ದು. ಅಥಣಿ, ಕೊಕಟನೂರ ಸೀಮೆಯ ಹಳ್ಳಿಗಳಲ್ಲಾಗಲಿ ದೊಡ್ಡ ಪಟ್ಟಣಗಳಲ್ಲಾಗಲಿ, ಮನೆಯವನೊಬ್ಬನು ಅಕಾರ್ಯವನ್ನು ಮಾಡಿದರೆ ಗ್ರಹಚಾರವೆಂದೋ, ಹಣೆಬರಹವೆಂದೋ, ಯಾರೋ ಮಾಟ ಮಾಡಿಸಿದರೆಂದೋ ಹೇಳಿ ಮನಸ್ಸನ್ನು ಹಗುರು ಮಾಡಿಕೊಳ್ಳುವವರು ಕಡಿಮೆಯಿಲ್ಲ. ಈ ಅಭ್ಯಾಸದಿಂದಲೇ ಶೇಕ್ಸಪಿಯರನ 'ಮ್ಯಾಕಬೆಥ'ವನ್ನು ಓದುವವರು, ಶೂರನೂ ಸ್ವಾಮಿಭಕ್ತನೂ ಆದ ಸರದಾರನನ್ನು ಮೂವರು ಮಾಟಗಾತಿಯರು ಕೆಡಿಸಿದರೆಂದು ತೀರ್ಮಾನಿಸಿಬಿಡುವರು. ಆ ತೀರ್ಮಾನವು ನಿಜವಾದರೆ ಅದು ದುರಂತ ನಾಟಕವಾಗದೆ ಸೂತ್ರದ ಬೊಂಬೆಯಾಟವಾಗುವದು. ಕವಿಯು ಹಾಗೆ ಬರೆದಿರುವನೇ ಎಂಬದನ್ನು ವಿಚಾರಿಸತಕ್ಕದ್ದು.

ನಾಟಕವು ಸುಮಾರು 1606ರಲ್ಲಿ ರಚಿತವಾಗಿ, ಕವಿಯು ತೀರಿದ ಮೇಲೆ 1623ರಲ್ಲಿ ಅಚ್ಚಾಯಿತು. ಆಗ ಇಂಗ್ಲಂಡದ ಸಿಂಹಾಸನದ ಮೇಲಿದ್ದ ಒಂದನೆಯ ಜೇಮ್ಸನು ಸ್ಕಾಟ್ಲಂಡದವನು. ಮಾಟಗಾತಿಯರ ವಿಷಯವಾಗಿ 1597ರಲ್ಲಿ ತಾನೇ ಒಂದು ಗ್ರಂಥವನ್ನು ಪ್ರಕಟಿಸಿದವನು. ಕಥೆಯನ್ನು ಕವಿಯು ಹಾಲಿನ್‌ಷೆಡ್ಡನ ಇತಿಹಾಸದಿಂದ ತೆಗೆದುಕೊಂಡನು. ಅಲ್ಲಿ ದಾರಿಯಲ್ಲಿ ಎದುರಾದ ಮೂವರು ಸ್ತ್ರೀಯರು ವಿಧಿದೇವತೆಗಳೋ ವನದೇವತೆಗಳೋ ಎಂಬ ಸಂಶಯವುಂಟು. ಹಳೆಯ ಇಂಗ್ಲಿಷಿನಲ್ಲಿ 'ವಿರ್ಡ್' ಎಂಬ ಶಬ್ದಕ್ಕೆ ವಿಧಿಯೆಂದೇ ಅರ್ಥ. ಶೇಕ್ಸಪಿಯರನು ಆ ಹೆಸರನ್ನು ಉಳಿಸಿಕೊಂಡನು, ಆದರೆ ರೂಪವನ್ನು ಬದಲಿಸಿದನು. ಬತ್ತಿದ ಮೈ, ಬಿರಿದ ಬೆರಳು, ಗಲ್ಲದಲ್ಲಿ ಗಡ್ಡ. ವಿಧಿಯ ಹೆಸರು, ಬಡ ಮುದುಕಿಯ ಆಕಾರ! ಕನ್ನಡಕ್ಕೆ ತರುವವರಿಗೆ ಇಲ್ಲಿಯೇ ಮೊದಲನೆಯ ತೊಡಕು. 'ಮಾಟಗಾತಿ'ಯೆಂದರೆ ವಿಧಿಯು ಬಿಟ್ಟುಹೋಗುವದು. 'ವಿಧಿದೇವತೆ'ಯೆಂದರೆ ಹೊಲಸು ಬಿಟ್ಟುಹೋಗುವದು. ಎಂ. ಎಲ್. ಶ್ರೀಕಂಠೇಶಗೌಡರು 1895ರಲ್ಲಿ 'ಪ್ರತಾಪರುದ್ರದೇವ'ವೆಂಬ ಹೆಸರಿನಿಂದ ಈ ನಾಟಕಕ್ಕೆ ಭಾರತೀಯ ವೇಷವನ್ನು ತೊಡಿಸಿದರು, ಡಿ. ವಿ. ಗುಂಡಪ್ಪನವರು 1936ರಲ್ಲಿ ಮೂಲದ ಹೆಸರಿನಿಂದಲೇ ಭಾಷಾಂತರಿಸಿದರು. ಇಷ್ಟು ಪ್ರಯತ್ನಗಳು ನಡೆದರೂ ಆ ಎರಡು ಮುಖಗಳನ್ನು ಒಂದೇ ಶಬ್ದದಲ್ಲಿ ಹಿಡಿಯುವದು ಇಂದಿಗೂ ಕಠಿಣವೇ.

ಇನ್ನು ಮಾಟಗಾತಿಯರು ನಿಜವಾಗಿ ಮಾಡುವದೇನು? ಮೂರು ಹೆಸರುಗಳಿಂದ ಅವನನ್ನು ವಂದಿಸುವರು: ಗ್ಲಾಮಿಸದ ಒಡೆಯ, ಕಾಡರದ ಒಡೆಯ, ಮುಂದಿನ ಅರಸ. ಇವುಗಳಲ್ಲಿ ಮೊದಲನೆಯದು ಅವನಿಗೆ ಆಗಲೇ ಪ್ರಾಪ್ತವಾಗಿತ್ತು. ಎರಡನೆಯದನ್ನು ಡಂಕನ ರಾಜನು ಹಿಂದಿನ ಪ್ರವೇಶದಲ್ಲಿಯೇ ಕೊಟ್ಟಾಗಿದೆ; ಪ್ರೇಕ್ಷಕರಿಗೆ ಅದು ಗೊತ್ತು, ಮ್ಯಾಕಬೆಥನಿಗೆ ಮಾತ್ರ ಗೊತ್ತಿಲ್ಲ. ಆದುದರಿಂದ ಮೂರರಲ್ಲಿ ಭವಿಷ್ಯವೆಂಬದು ಒಂದೇ. ಆ ಒಂದರಲ್ಲಿಯೂ 'ಕೊಲ್ಲು' ಎಂಬ ಮಾತಿಲ್ಲ. ಅದನ್ನು ಕೇಳಿ ಅವನು ಬೆಚ್ಚಿಬೀಳುವನು. ಒಳ್ಳೆಯ ಸುದ್ದಿಗೆ ಇವನೇಕೆ ಅಂಜಿದನೆಂದು ಬ್ಯಾಂಕೋವಿಗೆ ಆಶ್ಚರ್ಯವಾಗುವದು. ಅಪರಿಚಿತವಾದ ಮಾತಿಗೆ ಮನುಷ್ಯನು ಬೆರಗಾಗುವನು. ಬೆಚ್ಚುವದು ತನ್ನೊಳಗಿನ ಗುಟ್ಟನ್ನು ಪರರ ಬಾಯಿಂದ ಕೇಳಿದಾಗ. ಅಲ್ಲದೆ ಮಾಟಗಾತಿಯರ ಶಕ್ತಿಗೆ ಕವಿಯು ಮೊದಲೇ ಒಂದು ಗಡಿಯನ್ನು ಹಾಕಿರುವನು. ಒಬ್ಬ ನಾವಿಕನ ಮೇಲೆ ಸಿಟ್ಟಾದ ಮಾಟಗಾತಿಯು ಅವನನ್ನು ಬಿರುಗಾಳಿಗೆ ಸಿಕ್ಕಿಸಿ ನಿದ್ದೆಗೆಡಿಸಬಲ್ಲಳು. ಅವನ ಹಡಗನ್ನು ಮುಳುಗಿಸಲು ತನಗೆ ಸಾಧ್ಯವಿಲ್ಲವೆಂದು ಅವಳೇ ಒಪ್ಪಿಕೊಳ್ಳುವಳು. ತೂಗಾಡಿಸುವದು ಅವರ ಕೆಲಸ. ಮುಳುಗುವದು ಅವನವನ ಕೆಲಸ.

ಆದರೂ ಹೇಳಿದ್ದೆಲ್ಲ ನಡೆಯಿತಲ್ಲ, ಅಂದಮೇಲೆ ವಿಧಿಯೇ ಬಲವತ್ತರವಲ್ಲವೇ ಎಂದು ಕೇಳಬಹುದು. ಆಕ್ಷೇಪವು ಸಣ್ಣದಲ್ಲ. ಆದರೆ ಕಾಡರದ ಒಡೆತನವು ಅವನು ಬೆರಳೆತ್ತದೆ ಬಂದಿತು. ಕಿರೀಟವೂ ಹಾಗೆಯೇ ಬರಬಹುದೆಂದು ಅವನೇ ಒಮ್ಮೆ ಯೋಚಿಸುವನು. ಕೊಲೆಗೆ ಮುಂಚೆ ತಾನು ಡಂಕನನ ಬಂಧು, ಪ್ರಜೆ, ಆತಿಥೇಯನೆಂದು ಎಣಿಸಿ ಹಿಂಜರಿಯುವನು. ಇತಿಹಾಸದ ಮ್ಯಾಕಬೆಥನು 1040ರಲ್ಲಿ ಡಂಕನನನ್ನು ಯುದ್ಧದಲ್ಲಿ ಸೋಲಿಸಿ, ಅವನ ಮರಣದ ತರುವಾಯ 17 ವರ್ಷ ಆಳಿದವನು. ಕವಿಯು ಯುದ್ಧವನ್ನು ತೆಗೆದು ಮನೆಗೆ ಬಂದ ಅತಿಥಿಯ ಹತ್ಯೆಯನ್ನಿಟ್ಟನು. ನೆವಗಳನ್ನು ಹೀಗೆ ಒಂದೊಂದಾಗಿ ಕಿತ್ತುಹಾಕಿದ ಕವಿಯು ಕೊನೆಗೆ ಮಾಟಗಾತಿಯರೆಂಬ ದೊಡ್ಡ ನೆವವನ್ನು ಉಳಿಸಿಯಾನೇ? ಬ್ಯಾಂಕೋವೂ ಅದೇ ಬಯಲಿನಲ್ಲಿ ಅದೇ ಬಾಯಿಗಳಿಂದ ತನ್ನ ಸಂತತಿಯ ರಾಜ್ಯಪ್ರಾಪ್ತಿಯನ್ನು ಕೇಳಿದನು. ಕೆಟ್ಟ ಯೋಚನೆಗಳನ್ನು ತಡೆಯಬೇಕೆಂದು ಅವನು ದೈವವನ್ನು ಬೇಡಿಕೊಂಡನು. ಅವನೂ ಪೂರಾ ನಿರ್ದೋಷಿಯಲ್ಲ. ಸಂಶಯ ಬಂದ ಮೇಲೂ ಬಾಯಿಬಿಡಲಿಲ್ಲ. ಆದರೆ ಕತ್ತಿಯನ್ನು ಹಿರಿಯಲಿಲ್ಲ. ಬೀಜ ಒಂದೇ; ಹೊಲ ಬೇರೆ.

ಕವಿಯು ಅತಿಮಾನುಷವನ್ನು ಹೆಜ್ಜೆ ಹೆಜ್ಜೆಗೆ ಒಳಗೆ ಸೇರಿಸುತ್ತ ಹೋಗಿರುವ ಕ್ರಮವು ಮನನೀಯವಾದದ್ದು. ಮೊದಲ ಸಲ ಮಾಟಗಾತಿಯರು ಇಬ್ಬರಿಗೆ ಕಾಣುವರು. ಗಾಳಿಯಲ್ಲಿ ತೇಲುವ ಕಠಾರಿಯು ಮ್ಯಾಕಬೆಥನೊಬ್ಬನಿಗೇ ಕಾಣುವದು. ಅದು ಕಾಯ್ದ ಮಿದುಳಿನ ಸೃಷ್ಟಿಯಾಗಿರಬಹುದೆಂದು ಅವನೇ ಹೇಳಿಕೊಳ್ಳುವನು. ಔತಣದಲ್ಲಿ ಬ್ಯಾಂಕೋವಿನ ಪ್ರೇತವು ತುಂಬಿದ ಸಭೆಯಲ್ಲಿ ಅವನ ಕಣ್ಣಿಗೆ ಮಾತ್ರ ಬೀಳುವದು. ಕಡೆಗೆ ರಾಣಿಯು ನಿದ್ದೆಯಲ್ಲಿ ನಡೆದು ಕೈತಿಕ್ಕಿಕೊಳ್ಳುವಾಗ ದೆವ್ವವೂ ಇಲ್ಲ, ಮಾಟವೂ ಇಲ್ಲ. ನೀರಿಲ್ಲದೆ ತೊಳೆಯುವ ಎರಡು ಕೈಗಳು ಮಾತ್ರ. ನಾಟಕದಲ್ಲಿ ಎಲ್ಲಕ್ಕೂ ಭಯಂಕರವಾದ ನೋಟವು ಅದೇ.

ಈ ಮರ್ಮವು ಕನ್ನಡ ಕಾವ್ಯಕ್ಕೆ ಹೊಸದಲ್ಲ. ಮುದುವೊಳಲಿನ ರನ್ನನು 'ಗದಾಯುದ್ಧ'ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುವಾಗ ಮರುಳುಗಳನ್ನು ತಂದಿರುವನು. ರಣದ ಮರುಳು ಅವನನ್ನು ಅಣಕಿಸುವದು. ನಿಜವಾದ ಮರುಳು ಯಾರೆಂಬ ಶ್ಲೇಷವು ಅರಸನ ಎದೆಗೆ ನಾಟುವದು. ಆದರೆ ರನ್ನನ ಮರುಳುಗಳು ಕರ್ಮವು ಮುಗಿದ ಮೇಲೆ ಬರುವವು, ಶೇಕ್ಸಪಿಯರನ ಮಾಟಗಾತಿಯರು ಕರ್ಮಕ್ಕೆ ಮುಂಚೆ ಬರುವರು. ಅಲ್ಲಿ ಫಲವು ಮಾತಾಡುವದು, ಇಲ್ಲಿ ಆಸೆಯು ಮಾತಾಡುವದು. ಜನ್ನನು 1209ರಲ್ಲಿ ಬರೆದ 'ಯಶೋಧರ ಚರಿತೆ'ಯು ಇನ್ನೂ ಸಮೀಪದ್ದು. ಅಲ್ಲಿ ಅರಸನು ಬಲಿಗೊಟ್ಟದ್ದು ಹಿಟ್ಟಿನ ಕೋಳಿ. ಅದು ಕೂಗಿದ್ದು ಅತಿಮಾನುಷದ ಆಟ. ಆದರೆ ಜನ್ಮಜನ್ಮಾಂತರಕ್ಕೆ ಅವನನ್ನು ಎಳೆದದ್ದು ಆ ಕೂಗಲ್ಲ, ಅವನ ಸಂಕಲ್ಪ. ಹಿಟ್ಟಿನ ಕೋಳಿಯಲ್ಲಿ ಜೀವವಿರಲಿಲ್ಲ, ಗಾಳಿಯ ಕಠಾರಿಯಲ್ಲಿ ಕಬ್ಬಿಣವಿರಲಿಲ್ಲ. ಎರಡರಲ್ಲಿಯೂ ಹಿಂಸೆಯು ಮನಸ್ಸಿನಲ್ಲಿತ್ತು.

ನಾಲ್ಕನೆಯ ಅಂಕದಲ್ಲಿ ಮಾಟಗಾತಿಯರು ಅವನನ್ನು ಹುಡುಕಿಕೊಂಡು ಬರುವದಿಲ್ಲ. ಅವನೇ ಅವರನ್ನು ಹುಡುಕಿಕೊಂಡು ಹೋಗುವನು. ಹೆಣ್ಣು ಹೆತ್ತವನಿಂದ ಅಪಾಯವಿಲ್ಲ, ಬರ್ನಮದ ಕಾಡು ಡನ್ಸಿನೇನದ ಗುಡ್ಡಕ್ಕೆ ನಡೆದು ಬರುವವರೆಗೆ ಸೋಲಿಲ್ಲ ಎಂಬ ಮಾತುಗಳನ್ನು ಅಭಯವೆಂದು ನಂಬುವನು. ಹಿರಣ್ಯಕಶಿಪುವಿನ ವರವನ್ನು ಕೇಳಿಬಲ್ಲ ಓದುಗರಿಗೆ ಇದರ ಬಿರುಕು ಕೂಡಲೇ ಕಾಣುವದು. ಕುರುಕ್ಷೇತ್ರದಲ್ಲಿ ಅಶ್ವತ್ಥಾಮನ ಹೆಸರಿನಿಂದಾಡಿದ ಅರ್ಧಸತ್ಯದಂತೆ, ಮಾಟಗಾತಿಯರ ಮಾತು ಸುಳ್ಳಲ್ಲ. ಕೇಳುವವನು ತನಗೆ ಬೇಕಾದ ಅರ್ಧವನ್ನೇ ಕೇಳುವನು. ಅದೇ ಪ್ರವೇಶದಲ್ಲಿ ಮ್ಯಾಕಡಫನ ವಿಷಯವಾಗಿ ಎಚ್ಚರವಾಗಿರೆಂಬ ಮಾತೂ ಬಂದಿತ್ತು. ಅವನು ಮಾಡಿದ್ದೇನು? ಮ್ಯಾಕಡಫನು ಕೈಗೆ ಸಿಕ್ಕದಿರಲು ಅವನ ಹೆಂಡಿರುಮಕ್ಕಳನ್ನು ಕೊಲ್ಲಿಸಿದನು. ಈ ಕೆಲಸವನ್ನು ಯಾವ ಮಾಟಗಾತಿಯೂ ಹೇಳಿರಲಿಲ್ಲ.

ಕವಿಯ ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ಬ್ಯಾಂಕೋವಿನ ವಂಶದ ಎಂಟು ಅರಸರ ಮೆರವಣಿಗೆಯು, ಆ ವಂಶದವನೆಂದು ಹೇಳಿಕೊಳ್ಳುತ್ತಿದ್ದ ಜೇಮ್ಸನ ಪ್ರೀತಿಗಾಗಿ ಸೇರಿದ್ದು. ಅದರಿಂದ ರಸವು ತುಸು ತೆಳ್ಳಗಾಗಿದೆ. ಹೆಕಟಿಯೆಂಬ ದೇವತೆಯು ಬಂದು ಮಾಟಗಾತಿಯರನ್ನು ಗದರಿಸುವ ಭಾಗವು ಮಿಡಲ್‌ಟನ್ನನ ಕೈವಾಡವೆಂದು ಅನೇಕ ವಿದ್ವಾಂಸರ ಮತ. ಅಲ್ಲಿ ಹಾಡು ಕುಣಿತಗಳುಂಟು, ಭಯವಿಲ್ಲ. ಅದ್ಭುತವು ಭಯಾನಕಕ್ಕೆ ಅಂಗವಾಗುವ ಬದಲು ಅದನ್ನು ನುಂಗಿದರೆ ಎರಡೂ ಕೆಡುವವು.

ಆದರೆ ಕಡೆಯ ಪ್ರವೇಶವು ಈ ಕೊರತೆಯನ್ನು ತುಂಬಿಕೊಡುವದು. ಮ್ಯಾಕಬೆಥನು ಸತ್ತ ಮೇಲೆ ಮಾಲ್ಕಮನು ಲೆಕ್ಕವನ್ನು ಚುಕ್ತಾ ಮಾಡುವಾಗ ಕಟುಕನ ಹೆಸರು ಬರುವದು, ಅವನ ರಾಣಿಯ ಹೆಸರು ಬರುವದು. ಮಾಟಗಾತಿಯರ ಸುದ್ದಿಯೇ ಇಲ್ಲ. ಅವರನ್ನು ಹಿಡಿದು ತರಲು ಯಾರೂ ಹೋಗುವದಿಲ್ಲ. 1563ರ ಕಾಯದೆಯಾದ ತರುವಾಯ ಸ್ಕಾಟ್ಲಂಡದಲ್ಲಿ ಎಷ್ಟೋ ಜನ ಹೆಂಗಸರು ಮಾಟಗಾತಿಯರೆಂಬ ಆರೋಪದಿಂದ ಪ್ರಾಣವನ್ನು ಕಳೆದುಕೊಂಡರು. 1590-91ರ ವಿಚಾರಣೆಗಳಲ್ಲಿ ಜೇಮ್ಸನೇ ಕುಳಿತಿದ್ದನು. ಅಂಥ ಅರಸನ ಕಾಲದಲ್ಲಿ ಕವಿಯು ಮುದುಕಿಯರನ್ನು ಬಯಲಿಗೆ ಬಿಟ್ಟು, ಅರಮನೆಯೊಳಗಿನವನನ್ನು ದಂಡನೆಗೆ ಗುರಿಮಾಡಿದನು.

ಎಚ್. ಎಸ್. ಶಿವಪ್ರಕಾಶರು ಇದೇ ಕಥೆಯನ್ನು 'ಮಾರನಾಯಕನ ದೃಷ್ಟಾಂತ'ವಾಗಿ ಕನ್ನಡದ ನೆಲಕ್ಕೆ ತಂದರು. ಹುಲುಗಪ್ಪ ಕಟ್ಟೀಮನಿಯವರು ಅದನ್ನು ಕಾರಾಗೃಹದ ಬಂದಿಗಳಿಂದ ಆಡಿಸಿದರು. ತಪ್ಪಿಗೆ ಶಿಕ್ಷೆಯನ್ನು ಅನುಭವಿಸುತ್ತಿರುವವರು ಈ ಪಾತ್ರಗಳನ್ನು ಧರಿಸಿ ನಿಂತಾಗ, ಹೇಳಿದವರಾರು, ಮಾಡಿದವರಾರು ಎಂಬ ಪ್ರಶ್ನಕ್ಕೆ ವಿಮರ್ಶಕನ ಉತ್ತರವು ಬೇಕಾಗುವದಿಲ್ಲ. ಕಣಿ ಹೇಳುವವರು ದಾರಿಯಲ್ಲಿ ಸಿಕ್ಕೇ ಸಿಗುವರು. ಅವರ ಮಾತನ್ನು ಕೇಳಿ ಮನೆಗೆ ಬಂದ ಮೇಲೆ, ಅತಿಥಿಯು ಮಲಗಿದ ಕೋಣೆಯ ಬಾಗಿಲನ್ನು ತೆರೆಯುವ ಕೈ ಮಾತ್ರ ತನ್ನದೇ.