ಹಿರಿಯರ ಗಂಟೂ ನುಡಿಯ ಬಿಡುಗಡೆಯೂ

ಪರಾಧೀನವಾದ ಜನವು ತನ್ನ ನುಡಿಯನ್ನೂ, ತನ್ನ ತತ್ತ್ವವಿಚಾರವನ್ನೂ, ತನ್ನ ಹಿರಿಯರು ಬಾಳಿ ತೋರಿಸಿದ ಮೌಲ್ಯಗಳನ್ನೂ ಮರಳಿ ಪಡೆದ ಹೊರತು ಅದಕ್ಕೆ ಪೂರ್ಣ ಬಿಡುಗಡೆಯಿಲ್ಲವೆಂಬ ಮಾತು ಆಫ್ರಿಕಾ ಖಂಡದ ಲೇಖಕರಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ವಾಚಕರಿಗೆ ಈ ಮಾತು ಹೊಸದೆನಿಸಲಾರದು. ನಮ್ಮ ಸೀಮೆಯಲ್ಲಿ ಇದೇ ವಿಚಾರವು ನೂರು ವರ್ಷಗಳ ಹಿಂದೆಯೇ ಹುಟ್ಟಿ, ಗ್ರಂಥರೂಪವನ್ನು ತಾಳಿ, ಚಳವಳಿಯಾಗಿ ಬೆಳೆದು, 1956ರಲ್ಲಿ ರಾಜ್ಯದ ಏಕೀಕರಣವನ್ನೇ ಮಾಡಿಸಿತು. ಹೀಗಿದ್ದರೂ ಒಂದು ಪ್ರಶ್ನೆ ಉಳಿದೇ ಇದೆ. ಹಿರಿಯರ ಗಂಟನ್ನು ಮರಳಿ ಪಡೆಯುವುದೆಂದರೇನು? ಅದನ್ನು ಹೊಗಳುವುದೆ? ಅದರ ಮೇಲೆ ಹಕ್ಕು ಸಾಧಿಸುವುದೆ? ಅಥವಾ ಬಿಚ್ಚಿ ಬಳಸುವುದೆ? ಆಲೂರು ವೆಂಕಟರಾಯರು, ಶಂ. ಬಾ. ಜೋಶಿಯವರು, ಫ. ಗು. ಹಳಕಟ್ಟಿಯವರು ಈ ಮೂವರ ಕೃತಿಗಳನ್ನು ಇದೊಂದು ಪ್ರಶ್ನೆಯ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಆಫ್ರಿಕೆಯ ಮಾತನ್ನು ಸರಿಯಾಗಿ ತಿಳಿಯೋಣ. ಕೆನ್ಯಾ ದೇಶದ ಗೂಗಿ ವಾ ಥಿಯಾಂಗೊ ಅವರು (1938-2025) 1986ರಲ್ಲಿ ಪ್ರಕಟಿಸಿದ ‘ಡಿಕಾಲನೈಸಿಂಗ್ ದಿ ಮೈಂಡ್’ ಎಂಬ ಗ್ರಂಥವು ಈ ವಿಚಾರಕ್ಕೆ ಮುಖ್ಯ ಆಧಾರ. ತಮ್ಮ ಬಾಲ್ಯದ ಶಾಲೆಯಲ್ಲಿ ಮನೆಮಾತಾದ ಗಿಕುಯುವನ್ನಾಡಿದ ಮಕ್ಕಳಿಗೆ ಹೊಡೆತ ಬೀಳುತ್ತಿದ್ದುದನ್ನೂ, ತಾನು ದಡ್ಡ, ತಾನು ಕತ್ತೆ ಎಂದು ಸಾರುವ ತಗಡನ್ನು ಕೊರಳಿಗೆ ಕಟ್ಟುತ್ತಿದ್ದುದನ್ನೂ ಅವರು ಅದರಲ್ಲಿ ಹೇಳಿದ್ದಾರೆ. ಇಂಗ್ಲಿಷಿನಲ್ಲಿ ಬರೆದು ಹೆಸರಾದ ಮೇಲೆ 1977ರಲ್ಲಿ ಅವರು ತಮ್ಮ ಹಳ್ಳಿಯ ರೈತ ಕೂಲಿಕಾರರೊಡನೆ ಗಿಕುಯು ಭಾಷೆಯ ನಾಟಕವೊಂದನ್ನು ಆಡಿಸಿದರು. ಇಂಗ್ಲಿಷು ಕಾದಂಬರಿಗಳನ್ನು ಸಹಿಸಿಕೊಂಡಿದ್ದ ಸರಕಾರವು ಈ ನಾಟಕವನ್ನು ಸಹಿಸದೆ, ವಿಚಾರಣೆಯಿಲ್ಲದೆ ಅವರನ್ನು ಒಂದು ವರ್ಷ ಸೆರೆಯಲ್ಲಿಟ್ಟಿತು. ಆ ಸೆರೆಮನೆಯಲ್ಲಿ ಶೌಚದ ಕಾಗದದ ಮೇಲೆ ಅವರು ಗಿಕುಯು ಭಾಷೆಯ ತಮ್ಮ ಮೊದಲ ಕಾದಂಬರಿಯನ್ನು ಬರೆದರು. ಆಳುವವರಿಗೆ ಯಾವುದು ಭಯವನ್ನುಂಟುಮಾಡಿತು ಎಂಬುದನ್ನು ಇಲ್ಲಿ ಲಕ್ಷಿಸಬೇಕು. ಗಿಕುಯು ಜನರ ಪುರಾತನ ಕೀರ್ತಿಯನ್ನು ಹಾಡಿದ್ದರೆ ಯಾರೂ ಹೆದರುತ್ತಿರಲಿಲ್ಲ. ಭೂಮಿ ಕಳೆದುಕೊಂಡ ಕೂಲಿಕಾರನು ತನ್ನ ನುಡಿಯಲ್ಲಿ ತನ್ನ ಸ್ಥಿತಿಯನ್ನು ತಾನೇ ವಿಚಾರಿಸತೊಡಗಿದ್ದೇ ಅವರಿಗೆ ಭಯವಾಯಿತು.

ಇನ್ನು ನಮ್ಮ ಕಡೆಯ ಸ್ಥಿತಿ. 1818ರಲ್ಲಿ ಪೇಶವಾಯಿ ಅಳಿದು ಈ ಸೀಮೆ ಕಂಪನಿಯ ಕೈಗೆ ಬಂದಾಗ ದಫ್ತರವೂ ಶಾಲೆಯೂ ಮರಾಠಿಯಲ್ಲಿ ನಡೆದವು. ರಾಯಬಾಗವು 1949ರ ವರೆಗೂ ಕೊಲ್ಹಾಪುರ ಸಂಸ್ಥಾನದ್ದು; ಸುತ್ತಲಿನ ಎಷ್ಟೋ ಊರುಗಳು ಸಾಂಗಲಿ, ಮೀರಜ, ಕುರುಂದವಾಡಗಳ ಪಟವರ್ಧನರವು. ಮನೆಯಲ್ಲಿ ಕನ್ನಡವನ್ನಾಡುವ ಹುಡುಗನು ಮರಾಠಿಯಲ್ಲಿ ಓದು ಕಲಿತು, ಇಂಗ್ಲಿಷಿನಲ್ಲಿ ನೌಕರಿ ಹುಡುಕುವ ಪರಿಪಾಠವಿತ್ತು. ಹೀಗಾಗಿ ಇಲ್ಲಿ ಕನ್ನಡದ ಮೇಲೆ ಎರಡು ಅಂತಸ್ತುಗಳಿದ್ದವು. ಡೆಪ್ಯುಟಿ ಚನ್ನಬಸಪ್ಪನವರಂಥವರು ವಿದ್ಯಾಖಾತೆಯಲ್ಲಿದ್ದುಕೊಂಡು ಕನ್ನಡ ಶಾಲೆಗಳಿಗಾಗಿ ಹೆಣಗಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಈ ನೆಲದ ಮೇಲೆಯೇ ನಮ್ಮ ಮೂವರು ಗ್ರಂಥಕರ್ತರು ಬೆಳೆದುಬಂದರು.

ಆಲೂರು ವೆಂಕಟರಾಯರು (1880-1964) ಪುಣೆಯಲ್ಲಿ ಓದಿದವರು, ಲೋಕಮಾನ್ಯ ಟಿಳಕರಿಂದ ಸ್ಫೂರ್ತಿಗೊಂಡವರು, ಟಿಳಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರು. ಮರಾಠಿಗರ ಸ್ವಾಭಿಮಾನವನ್ನು ಹತ್ತಿರದಿಂದ ಕಂಡದ್ದರಿಂದಲೇ ಕನ್ನಡಿಗರ ಮರವೆಯು ಅವರನ್ನು ಚುಚ್ಚಿತು. 1905ರಲ್ಲಿ ಹಂಪೆಯ ಹಾಳನ್ನು ಕಂಡ ಬಳಿಕ ಅವರ ಜೀವಿತವು ಒಂದೇ ಗುರಿಗೆ ನೆಟ್ಟಿತು. 1917ರಲ್ಲಿ ಪ್ರಕಟವಾದ ‘ಕರ್ನಾಟಕ ಗತವೈಭವ’ವು ಆ ಗುರಿಯ ಮೊದಲ ಫಲ. ತನಗೆ ಇತಿಹಾಸವೇ ಇಲ್ಲವೆಂದು ನಂಬಿದ್ದ ಜನಕ್ಕೆ ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರಗಳನ್ನು ಅದು ಕಣ್ಣೆದುರು ತಂದು ನಿಲ್ಲಿಸಿತು. ಹಿಡಿಯಲ್ಪಟ್ಟ ಜನದ ಬೆನ್ನು ನೆಟ್ಟಗಾಗಲು ಇಂಥ ಗ್ರಂಥವೊಂದು ಬೇಕೇ ಬೇಕು. ಅದಿಲ್ಲದಿದ್ದರೆ ಏಕೀಕರಣದ ಮಾತನ್ನೆತ್ತಲು ಯಾರಿಗೂ ಧೈರ್ಯವಾಗುತ್ತಿರಲಿಲ್ಲ.

ಆದರೂ ವಿಮರ್ಶಕನು ಕೇಳಲೇಬೇಕಾದ ಮಾತೊಂದುಂಟು. ವೈಭವವು ಯಾರದು? ಸಿಂಹಾಸನ, ದಂಡು, ದೇಗುಲ, ದಾನಪತ್ರಗಳ ಇತಿಹಾಸದಲ್ಲಿ ನೇಕಾರನೂ ಒಕ್ಕಲಿಗನೂ ಕಾಣುವುದು ಅಪರೂಪ. ಇದಲ್ಲದೆ, ಆ ಇತಿಹಾಸಕ್ಕೆ ಆಧಾರವಾದ ಶಾಸನಗಳನ್ನು ಓದಿ ಅಚ್ಚುಮಾಡಿದವರಲ್ಲಿ ಜೆ. ಎಫ್. ಫ್ಲೀಟರಂಥ ಆಂಗ್ಲ ಅಧಿಕಾರಿಗಳೇ ಮುಂದಿದ್ದರು. ಗೂಗಿಯವರೂ ಇಂಗ್ಲಿಷಿಗೆ ವಿದಾಯ ಹೇಳುವ ಮಾತನ್ನು ಇಂಗ್ಲಿಷಿನಲ್ಲಿಯೇ ಬರೆದರು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ಆಳುವವನು ಮೆಚ್ಚುವ ಅಳತೆಗೋಲಿನಿಂದಲೇ ನಮ್ಮ ಹಿರಿಯರನ್ನೂ ಅಳೆಯುವ ಅಪಾಯವು ಇಲ್ಲಿದೆ. ನಿನಗೆ ಸಾಮ್ರಾಜ್ಯವಿದ್ದರೆ ನನಗೂ ಇತ್ತು ಎನ್ನುವುದು ಸರಿಯಾದ ಉತ್ತರವೇನೋ ಹೌದು. ಪ್ರಶ್ನೆ ಮಾತ್ರ ಅವನದೇ ಆಗಿ ಉಳಿಯುತ್ತದೆ. ಆಲೂರರಿಗೆ ಈ ಕೊರತೆಯ ಅರಿವು ಇದ್ದೀತು. ಕರ್ನಾಟಕತ್ವವನ್ನು ಅವರು ಮುಂದೆ ರಾಜವೈಭವದಾಚೆಗೆ ಒಯ್ದು, ಭಾರತೀಯತ್ವಕ್ಕೂ ವಿಶ್ವಕ್ಕೂ ಏರುವ ಮೆಟ್ಟಿಲೆಂದು ವಿವರಿಸಿದ್ದೇ ಇದಕ್ಕೆ ಸಾಕ್ಷಿ. ಆದರೆ ಅವರ ಹೆಸರನ್ನು ಹೇಳಿಕೊಳ್ಳುವ ನಾವು ಗತವೈಭವದ ಹೊಸ್ತಿಲಲ್ಲಿಯೇ ಕುಳಿತುಬಿಟ್ಟಿದ್ದೇವೆ.

ಶಂ. ಬಾ. ಜೋಶಿಯವರ (1896-1991) ದಾರಿ ಬೇರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಇವರು 1933ರ ‘ಕಣ್ಮರೆಯಾದ ಕನ್ನಡ’ದಲ್ಲಿ ಊರ ಹೆಸರು, ಕುಲದ ಹೆಸರು, ದೇವತೆಗಳ ಹೆಸರುಗಳನ್ನು ಕೆದಕಿ, ಇಂದಿನ ಮಹಾರಾಷ್ಟ್ರದ ಬಹುಭಾಗದ ಅಡಿಪಾಯದಲ್ಲಿ ಕನ್ನಡವಿದೆಯೆಂದು ಸಾಧಿಸಹೊರಟರು. ಅವರ ವ್ಯುತ್ಪತ್ತಿಗಳೆಲ್ಲವನ್ನೂ ಪಂಡಿತರು ಒಪ್ಪಿಲ್ಲ. ಆದರೆ ಕಾವೇರಿಯಿಂದ ಗೋದಾವರಿಯ ವರೆಗೆಂದು ಕವಿರಾಜಮಾರ್ಗವು ನಾಡಿನ ಮೇರೆಯನ್ನು ಹೇಳಿರುವುದು, ಕೊಲ್ಹಾಪುರದ ಶಿಲಾಹಾರರ ಶಾಸನಗಳಲ್ಲಿ ಎಷ್ಟೋ ಕನ್ನಡದಲ್ಲಿರುವುದು, ಪಂಢರಪುರದ ವಿಠ್ಠಲನನ್ನು ಜ್ಞಾನದೇವರ ಹೆಸರಿನ ಅಭಂಗವೇ ಕಾನಡಿಗನೆಂದು ಕರೆದಿರುವುದು, ಇವೆಲ್ಲ ಅಲ್ಲಗಳೆಯಲಾಗದ ಸಂಗತಿಗಳು. ಜೋಶಿಯವರು ಇದೇ ವಿಷಯವನ್ನು ಕುರಿತು ಮರಾಠಿಯಲ್ಲಿಯೂ ಬರೆದರೆಂಬುದನ್ನು ಮರೆಯಲಾಗದು. ಎರಡು ಮನೆಗಳಿಗೆ ಬುನಾದಿ ಒಂದೇ ಎಂದು ತೋರಿಸುವುದು ಅವರ ಸಂಶೋಧನೆಯ ಸಾರ. ಗಡಿಯ ವಾದಗಳಲ್ಲಿ ಮಾತ್ರ ಅದನ್ನು ಖರೀದಿಪತ್ರದಂತೆ ಬಳಸಲಾಗಿದೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿಯನ್ನೊಪ್ಪಿಸಿ, ನಿಪ್ಪಾಣಿ ಖಾನಾಪುರಗಳು ಆ ಕಡೆಗೆ, ಜತ್ತ ಅಕ್ಕಲಕೋಟೆ ಸೊಲ್ಲಾಪುರಗಳು ಈ ಕಡೆಗೆ ಎಂದಿತು. ವರದಿಯು ಜಾರಿಗೆ ಬರಲಿಲ್ಲ, ವಾದವು ನಿಲ್ಲಲಿಲ್ಲ. ಭೂಮಿಯ ವ್ಯಾಜ್ಯವನ್ನು ನ್ಯಾಯಾಲಯವು ತೀರಿಸಬಹುದು. ಆದರೆ ಸಾವಿರ ವರ್ಷದ ಹಿಂದೆ ಈ ನೆಲ ಯಾರದಿತ್ತೆಂಬ ಉತ್ತರದಿಂದ ಇಂದು ಅದರ ಮೇಲೆ ಕಬ್ಬು ಕಡಿಯುವವನ ಬಾಯಲ್ಲಿ ನುಡಿ ಬೆಳೆಯದು.

ಹೊಗಳಿಕೆಯನ್ನೂ ಹಕ್ಕಿನ ವಾದವನ್ನೂ ದಾಟಿ ಗಂಟನ್ನು ಬಿಚ್ಚಿದವರು ಹಳಕಟ್ಟಿಯವರು (1880-1964). ವಿಜಯಪುರದಲ್ಲಿ ವಕೀಲರಾಗಿದ್ದ ಇವರು ಮಠಗಳಲ್ಲಿ, ಮನೆಯ ಜಗಲಿಗಳಲ್ಲಿ, ದೇವರ ಗೂಡುಗಳಲ್ಲಿ ಪೂಜೆಗೊಳ್ಳುತ್ತ ಹುಳ ತಿನ್ನುತ್ತಿದ್ದ ತಾಡೋಲೆಗಳನ್ನು ಹುಡುಕಿ ತಂದರು. ನಮ್ಮ ರಾಯಬಾಗದ ನೆರೆಯ ರಬಕವಿಯಲ್ಲಿ ದೊರೆತ ಓಲೆಗಳೂ ಅವರಿಗೆ ಆರಂಭದ ಪ್ರೇರಣೆಯಾದವು. ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆ ಬಳಿಕ ಅವರು ತಮ್ಮ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ತೆಗೆದರು. ಪೂಜೆಯ ವಸ್ತುವಾಗಿದ್ದ ಮಾತು ಹೀಗೆ ಓದುವ ವಸ್ತುವಾಯಿತು. ಹೂವೇರಿಸಿ ಕಟ್ಟಿಟ್ಟ ಗ್ರಂಥಕ್ಕೂ, ಯಾರಾದರೂ ಕೊಂಡು ಓದಿ ವಾದಿಸಬಲ್ಲ ಗ್ರಂಥಕ್ಕೂ ಇರುವ ಅಂತರವೇ ಪರಾಧೀನತೆಗೂ ಬಿಡುಗಡೆಗೂ ಇರುವ ಅಂತರ.

ಈ ವಚನಗಳ ಮಹತ್ವವು ಆಫ್ರಿಕೆಯ ತತ್ತ್ವಜ್ಞರ ಒಂದು ವಾದದ ಬೆಳಕಿನಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. 1945ರಲ್ಲಿ ಟೆಂಪೆಲ್ಸ್ ಎಂಬ ಪಾದ್ರಿಯು ಬಂಟು ಜನರ ತತ್ತ್ವಜ್ಞಾನವನ್ನು ಕುರಿತು ಗ್ರಂಥ ಬರೆದು, ಆ ಜನಕ್ಕೆಲ್ಲ ಸಮಾನವಾದ ಒಂದು ದರ್ಶನವಿದೆಯೆಂದನು. ಬೆನಿನ್ ದೇಶದ ಪಾಲಿನ್ ಹೌಂಟೊಂಜಿಯವರು ಇದನ್ನು ಬಲವಾಗಿ ಖಂಡಿಸಿದರು. ಒಂದು ಜನವೆಲ್ಲ ಒಂದೇ ದನಿಯಲ್ಲಿ ನಂಬುವುದನ್ನು ತತ್ತ್ವಜ್ಞಾನವೆನ್ನಲಾಗದು. ಹೆಸರುಳ್ಳ ವ್ಯಕ್ತಿಗಳು ಒಬ್ಬರನ್ನೊಬ್ಬರು ಎದುರಿಸಿ ವಾದಿಸಿದಾಗ ಅದು ಹುಟ್ಟುತ್ತದೆ ಎಂಬುದು ಅವರ ಮತ. ಈ ಪರೀಕ್ಷೆಯಲ್ಲಿ ವಚನಗಳು ನಿಸ್ಸಂಶಯವಾಗಿ ಗೆಲ್ಲುತ್ತವೆ. ಪ್ರತಿ ವಚನಕ್ಕೂ ಅಂಕಿತವುಂಟು, ಅಂಕಿತದ ಹಿಂದೆ ಒಬ್ಬ ವ್ಯಕ್ತಿಯುಂಟು. ಅಲ್ಲಮನು ಅಕ್ಕಮಹಾದೇವಿಯನ್ನು ಪ್ರಶ್ನಿಸುತ್ತಾನೆ. ಆಯ್ದಕ್ಕಿ ಲಕ್ಕಮ್ಮನು ಗಂಡನನ್ನೇ ತಿದ್ದುತ್ತಾಳೆ. ಅಂಬಿಗರ ಚೌಡಯ್ಯನು ಯಾರಿಗೂ ಮುಲಾಜು ಮಾಡುವುದಿಲ್ಲ. ಘಾನಾದ ಕ್ವಾಸಿ ವಿರೆಡು ಅವರು ಮತ್ತೊಂದು ಮಾತನ್ನು ಹೇಳಿದರು. ಇಂಗ್ಲಿಷಿನಲ್ಲಿ ಕಲಿತ ತತ್ತ್ವದ ಪ್ರಶ್ನೆಯನ್ನು ನಿನ್ನ ಮನೆಮಾತಿನಲ್ಲಿ ಮತ್ತೆ ಕೇಳಿ ನೋಡು. ಅಲ್ಲಿ ಆ ಪ್ರಶ್ನೆಯೇ ಕರಗಿಹೋದರೆ ಅದು ಮನುಷ್ಯರೆಲ್ಲರ ಪ್ರಶ್ನೆಯಾಗಿರಲಿಕ್ಕಿಲ್ಲ, ಆ ಭಾಷೆಯ ಪ್ರಶ್ನೆಯಾಗಿದ್ದೀತು. ಕಾಯಕ, ದಾಸೋಹ, ಅರಿವು ಎಂಬ ಶಬ್ದಗಳನ್ನು ಬೇರೆ ಭಾಷೆಗೆ ತಿರುಗಿಸಹೋದವರಿಗೆ ಈ ಮಾತಿನ ಸತ್ಯವು ಗೊತ್ತಾಗುತ್ತದೆ.

ಹಿರಿಯರ ಮೌಲ್ಯವೆಂಬ ಮಾತಿನಲ್ಲಿ ಅಡಗಿರುವ ತೊಡಕೂ ಇಲ್ಲಿಯೇ ಬಿಡಿಸುತ್ತದೆ. ವಚನಕಾರರು ನಮ್ಮ ಹಿರಿಯರು, ನಿಜ. ಆದರೆ ಅವರು ತಮ್ಮ ಹಿರಿಯರ ಕುಲಭೇದವನ್ನೂ ಸೂತಕಗಳನ್ನೂ ಒಪ್ಪದೆ ನಿಂತವರು. ಅಂದಬಳಿಕ ಹಿಂದಿನದೆಂಬ ಕಾರಣದಿಂದಲೇ ಯಾವುದೂ ಮೌಲ್ಯವಾಗದು. ಪರೀಕ್ಷಿಸುವ ಧೈರ್ಯವೇ ಅವರಿಂದ ನಮಗೆ ಬಂದ ಆಸ್ತಿ. ಹಳಕಟ್ಟಿಯವರ ಕೆಲಸದಲ್ಲಿ ಒಂದು ಕೊರತೆಯನ್ನು ಹೇಳಬಹುದಾದರೆ ಅದು ಇದೇ. ಶಾಸ್ತ್ರವನ್ನು ಶಂಕಿಸಿದವರ ಮಾತಿಗೆ ಅವರು ಶಾಸ್ತ್ರವೆಂಬ ಹೆಸರನ್ನಿಟ್ಟು, ಸಿದ್ಧಾಂತದ ವಿಭಾಗಗಳಲ್ಲಿ ಅವನ್ನು ಹೊಂದಿಸಿದರು. ವಿದ್ವಾಂಸರ ಮನ್ನಣೆಯನ್ನು ಪಡೆಯಲು ಆ ಕಾಲಕ್ಕೆ ಅದು ಬೇಕಾಗಿದ್ದೀತು. ಆದರೆ ಆ ಚೌಕಟ್ಟಿನಲ್ಲಿ ವಚನದ ಚುಚ್ಚು ಮೊಂಡಾದದ್ದುಂಟು.

ಆ ಚುಚ್ಚು ಇಂದಿಗೂ ನಮಗೆ ತಾಕುತ್ತದೆಯೆ ಎಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಪರೀಕ್ಷೆಯಿದೆ. ಸಮಗಾರ ಹರಳಯ್ಯನೂ ಅವನ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿ ತಂದ ಕಥೆಯನ್ನು ಕೇಳಿ ಕಣ್ಣೊರಸಿಕೊಳ್ಳದವರು ಕಡಿಮೆ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲಿ ಅದೇ ಕಸುಬು ಇಂದಿಗೂ ನಡೆಯುತ್ತಿದೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸಿದ ತೊಗಲಿನ ಈ ಚಪ್ಪಲಿಗಳು ಕೊಲ್ಹಾಪುರದ ಹೆಸರಿನಿಂದ ಲೋಕಕ್ಕೆ ಪರಿಚಿತವಾಗಿವೆ. ಅವಕ್ಕೆ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗಳು ಸಮಾನವಾಗಿ ಸೇರಿವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿಯು ಅಂಥದೇ ಚಪ್ಪಲಿಗಳನ್ನು ಮೂಲದ ಹೆಸರಿಲ್ಲದೆ ಪ್ರದರ್ಶಿಸಿದಾಗ ನಾವೆಲ್ಲರೂ ಸಿಟ್ಟಾದೆವು. ಸಿಟ್ಟು ನ್ಯಾಯವಾದದ್ದೇ. ಆದರೆ ಆ ಕುಶಲಕರ್ಮಿಯ ಕಸುಬಿನ ಮಾತುಗಳು ನಮ್ಮ ಯಾವ ನಿಘಂಟಿನಲ್ಲಿ, ಯಾವ ಪಠ್ಯದಲ್ಲಿ ತುಂಬಾ ಸೇರಿವೆ? ಅವನನ್ನು ನಮ್ಮ ಸಾಹಿತ್ಯಸಭೆಯ ಮುಂದಿನ ಸಾಲಿಗೆ ಎಷ್ಟು ಸಲ ಕರೆದಿದ್ದೇವೆ? ಹರಳಯ್ಯನಿಗೆ ಕೈಮುಗಿದು, ಹರಳಯ್ಯನ ಕಸುಬಿನವನನ್ನು ಹೊಸ್ತಿಲಾಚೆ ನಿಲ್ಲಿಸುವುದಾದರೆ ವಚನಗಳು ಮತ್ತೆ ಜಗಲಿಯನ್ನೇರಿ ಕುಳಿತವೆಂದೇ ತಿಳಿಯಬೇಕು.

ಇನ್ನು ಮರಾಠಿಯ ಮಾತು. ಒಂದು ಕಾಲಕ್ಕೆ ನಮ್ಮ ಮೇಲೆ ಕುಳಿತಿದ್ದ ಆ ನುಡಿಯು ಈಗ ನಿಪ್ಪಾಣಿಯ ಎಷ್ಟೋ ಮನೆಗಳಲ್ಲಿ ನಮ್ಮ ನೆರೆಯವರ ತಾಯ್ನುಡಿಯಾಗಿ ಕಾಪಾಡಲ್ಪಡಬೇಕಾದ ಸ್ಥಿತಿಯಲ್ಲಿದೆ. ವಚನಕಾರರು ಕನ್ನಡದಲ್ಲಿ ಮಾಡಿದ ಕೆಲಸವನ್ನೇ 1290ರಲ್ಲಿ ಜ್ಞಾನೇಶ್ವರರು ಗೀತೆಯನ್ನು ಮರಾಠಿಗೆ ತಂದು ಮಾಡಿದರು. ಎರಡೂ ಮನೆಗಳ ಮಕ್ಕಳು ಇಂದು ಒಂದೇ ಬಸ್ಸಿನಲ್ಲಿ ಕುಳಿತು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾರೆ. ಮಾತೃಭಾಷೆಯ ಮಾಧ್ಯಮವನ್ನು ಸರಕಾರವು ಕಡ್ಡಾಯ ಮಾಡಲಾಗದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2019ರಲ್ಲಿ ಕರ್ನಾಟಕ ಸರಕಾರವು ತಾನೇ 1000 ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗಗಳನ್ನು ತೆರೆಯಿತು. ಬಡವನು ತನ್ನ ಮಗನಿಗೆ ಇಂಗ್ಲಿಷ್ ಬಯಸಿದರೆ ಅವನನ್ನು ಜರೆಯುವ ಅಧಿಕಾರವು ನಮಗಿಲ್ಲ. ಅನ್ನದ ದಾರಿ ಅಲ್ಲಿದೆಯೆಂದು ಅವನಿಗೆ ತೋರಿಸಿಕೊಟ್ಟವರು ಓದಿದ ನಾವೇ. ಗೂಗಿಯವರ ಶಾಲೆಯಲ್ಲಿ ಕೊರಳಿಗೆ ಕಟ್ಟುತ್ತಿದ್ದ ತಗಡು ಈಗ ಯಾರಿಗೂ ಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಇಂಗ್ಲಿಷ್ ತಪ್ಪಿದ ಮಗುವಿಗೆ ಬೈಗುಳ ಬೀಳುತ್ತದೆ, ಕನ್ನಡ ತಪ್ಪಿದ ಮಗುವನ್ನು ಕಂಡು ತಾಯಿತಂದೆಗಳು ಹೆಮ್ಮೆಯಿಂದ ನಗುತ್ತಾರೆ.

ಆದುದರಿಂದ ಈ ಲೇಖಕನ ಅಭಿಪ್ರಾಯವಿಷ್ಟು. ಆಲೂರರಿಂದ ನಾವು ಆತ್ಮಗೌರವವನ್ನು ಪಡೆಯಬೇಕು, ಜೋಶಿಯವರಿಂದ ಬೇರಿನ ಒಕ್ಕೂಟವನ್ನು ಅರಿಯಬೇಕು. ಆದರೆ ನಡೆಯಬೇಕಾದ ದಾರಿ ಹಳಕಟ್ಟಿಯವರದು. ಅವರು ಒಬ್ಬ ವಕೀಲರು. ಯಾವ ಸರಕಾರದ ಆಜ್ಞೆಗೂ ಕಾಯದೆ ತಮ್ಮ ಸಂಪಾದನೆಯಿಂದ ಓಲೆಗಳನ್ನು ಬಿಚ್ಚಿದರು. ಚಿಕ್ಕೋಡಿಯಿಂದ ಕಾಗವಾಡದ ವರೆಗಿನ ಪ್ರತಿಯೊಂದು ಓದಿದ ಮನೆಯಲ್ಲಿ ದಿನಕ್ಕೆ ಒಂದು ವಚನವನ್ನಾದರೂ ಮಕ್ಕಳೊಡನೆ ಓದಿ, ಇದು ಸರಿಯೆ, ನಾವು ಹೀಗೆ ನಡೆಯುತ್ತಿದ್ದೇವೆಯೆ ಎಂದು ವಾದಿಸುವ ರೂಢಿಯನ್ನು ಹಾಕೋಣ. ನಮ್ಮ ತಾಲೂಕಿನ ಒಕ್ಕಲುತನದ, ನೇಕಾರಿಕೆಯ, ಸಮಗಾರಿಕೆಯ ಮಾತುಗಳನ್ನು ಬಲ್ಲ ಮುದುಕರು ಇನ್ನೂ ಇದ್ದಾರೆ. ಅವರ ಬಳಿ ಕುಳಿತು ಬರೆದುಕೊಳ್ಳುವ ಕೆಲಸವನ್ನು ಸಂಘದ ತರುಣರು ಈ ವರ್ಷವೇ ಕೈಕೊಳ್ಳಲಿ. ಆ ಮುದುಕರು ಹೋದ ಬಳಿಕ ಹುಡುಕಲು ನಮಗೆ ತಾಡೋಲೆಗಳೂ ದೊರೆಯಲಾರವು.